ಮಾರಾಟ ಚೆನ್ನಾಗಿದೆ, ದುಡ್ಡು ಮಾತ್ರ ಉಳಿಯಲ್ಲ

ಪ್ರಶ್ನೆ: ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯೊಂದರ ಸೋಪು, ಕ್ರೀಮು ಮಾರುತ್ತೇನೆ. ಒಮ್ಮೆ ಕೊಂಡವರು ಮತ್ತೆ ಕೇಳಿ ತರಿಸಿಕೊಳ್ಳುತ್ತಾರೆ. ಆದರೂ ತಿಂಗಳ ಕೊನೆಗೆ ಕೈ ಖಾಲಿ. ‘ಬರೀ ಮಾರ್ತಾ ಕೂತರೆ ಆಗಲ್ಲ, ಟೀಮ್ ಕಟ್ಟು, ನಿನ್ನ ಶ್ರಮ ಸಾಲದು’ ಅಂತಾರೆ ನನ್ನ ಅಪ್‌ಲೈನ್, ಅಂದರೆ ನನ್ನನ್ನು ಸೇರಿಸಿದ ಅಕ್ಕ. ತಪ್ಪು ನನ್ನದೇನಾ?

ಉತ್ತರ: ಅಲ್ಲ. ಗಿರಾಕಿಗಳು ತಾವಾಗಿಯೇ ಕೇಳಿ ತರಿಸಿಕೊಳ್ಳುತ್ತಾರೆ ಅಂದಮೇಲೆ ನಿಮಗೆ ಮಾರಾಟ ಬರುತ್ತದೆ. ತೊಂದರೆ ಇರುವುದು ಕಂಪನಿಯ ಪ್ಲಾನ್‌ನಲ್ಲಿ, ಅಂದರೆ ಯಾವುದಕ್ಕೆ ಎಷ್ಟು ದುಡ್ಡು ಕೊಡಬೇಕು ಅನ್ನುವ ಅದರ ಲೆಕ್ಕದಲ್ಲಿ. ನೀವು ಮಾರಿದ್ದಕ್ಕೆ ಅದು ಕೊಡುವುದು ಸ್ವಲ್ಪ. ನೀವು ಸೇರಿಸಿದವರು, ಅವರು ಸೇರಿಸಿದವರು ಕೊಳ್ಳುವ ಮಾಲಿನ ಮೇಲೆ ಕೊಡುವುದೇ ಜಾಸ್ತಿ.

ತಿಂಗಳ ಕೊನೆಯ ಎರಡು ದಿನ ನೆನಪು ಮಾಡಿಕೊಳ್ಳಿ. ‘ಆ್ಯಕ್ಟಿವ್’ ಆಗಿರಲು, ಅಂದರೆ ಆ ತಿಂಗಳ ಟೀಮ್ ಕಮಿಷನ್ ಸಿಗಲು, 100 ಪಾಯಿಂಟಿನಷ್ಟು ಮಾಲು ಹೋಗಬೇಕು, ಗಿರಾಕಿಗಳಿಂದ ಆದದ್ದು 70 ಅಂತಿಟ್ಟುಕೊಳ್ಳೋಣ. ಫೋನ್ ಬರುತ್ತದೆ: ‘ಇನ್ನು 30 ಅಷ್ಟೇ ಕಣೇ, ನಿನ್ನ ಐಡಿಗೇ ಹಾಕಿಬಿಡು, ಇಲ್ಲಾಂದ್ರೆ ಟೀಮ್ ಕಮಿಷನ್ ಹೋಗುತ್ತೆ.’ ನೀವು ನಿಮ್ಮ ಹೆಸರಿಗೇ ಮಾಲು ಕೊಂಡು ಹಾಕುತ್ತೀರಿ. ಲೆಕ್ಕ ಸುಲಭವಾಗಲಿ ಅಂತ ಪಾಯಿಂಟನ್ನೇ ದುಡ್ಡು ಅಂದುಕೊಂಡರೆ, ನೂರಕ್ಕೆ 20 ಲಾಭದಂತೆ 70ರ ಮಾರಾಟದಿಂದ ಬಂದದ್ದು 14, ನಿಮ್ಮ ಕೈಯಿಂದ ಹೋದದ್ದು 30. ಬೀರುವಿನಲ್ಲಿ ಇನ್ನೊಂದಿಷ್ಟು ಕ್ರೀಮು ಸೇರಿತು, ಅಷ್ಟೇ. ಕಂಪನಿಯ ಲೆಕ್ಕದಲ್ಲಿ ಇದೂ ಮಾರಾಟವೇ, ಮೇಲಿನವರಿಗೆ ಇದರ ಮೇಲೂ ಕಮಿಷನ್ ಉಂಟು. ಹಾಗಂತ ಆ ಅಕ್ಕ ಕೆಟ್ಟವರು ಅನ್ನಬೇಡಿ, ಅವರಿಗೂ ಅವರ ಮೇಲಿನವರಿಂದ ಇಂಥದ್ದೇ ಫೋನ್ ಬಂದಿರುತ್ತದೆ.

ಇನ್ನು ‘ಟೀಮ್ ಕಟ್ಟು’ ಅನ್ನುವ ಮಾತು. ನೀವು ಯಾರನ್ನು ಸೇರಿಸುತ್ತೀರಿ? ಮಾಲನ್ನು ಮೆಚ್ಚಿದವರನ್ನೇ, ಅಂದರೆ ನಿಮ್ಮ ಒಳ್ಳೆಯ ಗಿರಾಕಿಗಳನ್ನೇ. ಸೇರಿದ ದಿನದಿಂದ ಅವರಿಗೂ ನಿಮ್ಮದೇ ದರದಲ್ಲಿ ಮಾಲು ಸಿಗುತ್ತದೆ. ಅವರಿಂದ ಬರುತ್ತಿದ್ದ ಮಾರಾಟದ ಲಾಭ ಹೋಯಿತು, ಬದಲಿಗೆ ಸಿಕ್ಕಿದ್ದು ಸಣ್ಣ ಕಮಿಷನ್, ಅದೂ ನೀವು ಆ ತಿಂಗಳು ಆ್ಯಕ್ಟಿವ್ ಇದ್ದರೆ. ಜೊತೆಗೆ ನಿಮ್ಮಿಬ್ಬರಿಗೂ ಗೊತ್ತಿರುವ ಜನರಿಗೇ ಅವರೂ ಮಾರಲು ಹೊರಡುತ್ತಾರೆ. ನನಗೆ ಅತಿ ಬೇಸರ ತರಿಸುವುದು ಇದೇ, ಚೆನ್ನಾಗಿ ಮಾರುವವರ ಕೈಯಿಂದಲೇ ಅವರ ಗಿರಾಕಿಗಳನ್ನು ಈ ಪ್ಲಾನ್ ಬಿಡಿಸುತ್ತದೆ.

ಬೈನರಿ ಪ್ಲಾನ್ ಆದರೆ ನಿಮ್ಮ ಕೆಳಗಿನವರನ್ನು ಎಡ, ಬಲ ಅಂತ ಎರಡು ಗುಂಪು ಮಾಡಿರುತ್ತಾರೆ, ಎರಡರಲ್ಲಿ ಕಡಿಮೆ ವ್ಯಾಪಾರ ಆದ ಕಡೆಯ ಲೆಕ್ಕದಲ್ಲಿ ಕಮಿಷನ್ ಸಿಗುತ್ತದೆ. ಒಂದು ಕಡೆ ಎಷ್ಟೇ ಬೆಳೆದರೂ ಇನ್ನೊಂದು ಕಡೆ ಸರಿಸಮ ಬರುವ ತನಕ ಅದು ಕೈಗೆ ಬಾರದು. ಬ್ರೇಕ್‌ಅವೇ ಪ್ಲಾನ್ ಆದರೆ ನೀವು ಕಲಿಸಿ ಬೆಳೆಸಿದವರು ಒಂದು ರ‍್ಯಾಂಕ್ ಮುಟ್ಟಿದ ಕೂಡಲೇ ಅವರ ಗುಂಪು ನಿಮ್ಮ ಲೆಕ್ಕದಿಂದ ಕಳಚಿಕೊಳ್ಳುತ್ತದೆ, ಮತ್ತೆ ಹೊಸಬರನ್ನು ಹುಡುಕಬೇಕು. ಹೊಸಬರಾದರೂ ಎಲ್ಲಿಂದ ಬರಬೇಕು? ಒಬ್ಬೊಬ್ಬರು 6 ಜನರನ್ನು ಸೇರಿಸುತ್ತಾ ಹೋದರೆ 13ನೇ ಹಂತಕ್ಕೆ 1,300 ಕೋಟಿ ಜನ ಬೇಕು. ಭೂಮಿ ಮೇಲೆ ಇರುವವರೇ ಸುಮಾರು 800 ಕೋಟಿ.

ಇದು ನಿಮ್ಮೊಬ್ಬರ ಕತೆಯಲ್ಲ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿ 2024ರಲ್ಲಿ ಇಂಥ 70 ಕಂಪನಿಗಳು ತಾವೇ ಪ್ರಕಟಿಸಿದ ಆದಾಯದ ಹೇಳಿಕೆಗಳನ್ನು ಓದಿ ನೋಡಿದರು. ಸೇರಿದವರಲ್ಲಿ ಹೆಚ್ಚಿನವರಿಗೆ ಬಂದದ್ದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ, ಖರ್ಚು ಕಳೆಯುವ ಮೊದಲೇ! ಇದಕ್ಕೂ ಮುಂಚೆ, 2016ರಲ್ಲಿ, ಹರ್ಬಲೈಫ್ ಅನ್ನುವ ಇಂಥದ್ದೇ ಕಂಪನಿಯ ಜೊತೆ 20 ಕೋಟಿ ಡಾಲರ್‌ಗೆ ರಾಜಿ ಆದಾಗ ಅದೇ ಸಂಸ್ಥೆ ಒಂದು ಷರತ್ತು ಹಾಕಿತ್ತು: ಮಾರಾಟಗಾರರಿಗೆ ಕೊಡುವ ಹಣದಲ್ಲಿ ಕನಿಷ್ಠ ಮೂರನೇ ಎರಡು ಪಾಲು ಲೆಕ್ಕ ಸಿಗುವ ನಿಜವಾದ ಚಿಲ್ಲರೆ ಮಾರಾಟದ ಮೇಲೆ ನಿಂತಿರಬೇಕು. ನಿಮ್ಮ ಕಂಪನಿಯ ಪ್ಲಾನನ್ನೂ ಇದೇ ಅಳತೆಯಲ್ಲಿ ನೋಡಿ.

ಈಗ ಮಾಡಬೇಕಾದದ್ದು. ಹಿಂದಿನ ಮೂರು ತಿಂಗಳ ಲೆಕ್ಕ ತೆಗೆಯಿರಿ. ಗಿರಾಕಿ ಕೊಟ್ಟ ದುಡ್ಡು ಒಂದು ಕಡೆ, ನಿಮ್ಮ ಐಡಿಗೆ ಹಾಕಿದ ಮಾಲು, ಓಡಾಟ, ಮೀಟಿಂಗ್ ಟಿಕೆಟ್ಟು, ಫೋನು ಎಲ್ಲ ಇನ್ನೊಂದು ಕಡೆ. ‘ನಾನೇ ಬಳಸ್ತೀನಲ್ಲ’ ಅಂತ ಯಾವುದನ್ನೂ ಬಿಡಬೇಡಿ. ಈ ತಿಂಗಳು ಪಾಯಿಂಟ್ ತುಂಬಿಸಲು ಏನನ್ನೂ ಕೊಳ್ಳಬೇಡಿ, ಪ್ರತಿ ತಿಂಗಳು ತಾನಾಗಿಯೇ ಮಾಲು ಬರುವ ಆಟೋ ಆರ್ಡರ್ ಇದ್ದರೆ ನಿಲ್ಲಿಸಿ. ಅಕ್ಕನಿಗೆ ನೇರವಾಗಿ ಹೇಳಿ: ‘ಗಿರಾಕಿ ಕೇಳಿದಷ್ಟೇ ತರಿಸ್ತೀನಿ ಅಕ್ಕ.’ ನಿಮಗಿರುವ ಕೈಚಳಕಕ್ಕೆ ಮಾರಿದಷ್ಟಕ್ಕೆ ಕಮಿಷನ್ ಕೊಡುವ ಕೆಲಸ ಸಿಗುತ್ತದೆ, ಹುಡುಕಿ. ಮತ್ತೆ, ಬೀರುವಿನಲ್ಲಿರುವ ಸೀಲ್ ಒಡೆಯದ ಮಾಲನ್ನು ಕಂಪನಿ ಎಷ್ಟು ದಿನದೊಳಗೆ ವಾಪಸ್ ತಗೊಳ್ಳುತ್ತದೆ ಅಂತ ಕರಾರು ಪತ್ರದಲ್ಲಿ ಇವತ್ತೇ ನೋಡಿ, ಅವಧಿ ಮುಗಿಯುವ ಮೊದಲು ಬರಹದಲ್ಲೇ ಕೇಳಿ.