1860ರ ‘ವಾರಿಯರ್’ ಯುದ್ಧನೌಕೆಯಲ್ಲಿ ಉಗಿಯಂತ್ರವಿದ್ದರೂ ಹಾಯಿಗಳೇಕೆ ಇದ್ದವು?

ಮುಖ್ಯ ಕಾರಣ ಕಲ್ಲಿದ್ದಲು. ಬ್ರಿಟನ್ನಿನ ಈ ಕಬ್ಬಿಣದ ನೌಕೆಯ ಯಂತ್ರ ಮಹಾ ಹೊಟ್ಟೆಬಾಕ. ಒಡಲಲ್ಲಿ ಹಿಡಿಯುತ್ತಿದ್ದ ಸುಮಾರು 850 ಟನ್ ಕಲ್ಲಿದ್ದಲು ದೂರದ ಸಾಗರಯಾನಕ್ಕೆ ಸಾಲುತ್ತಿರಲಿಲ್ಲ. ಹಾಗಾಗಿ ಪಯಣಕ್ಕೆ ಗಾಳಿ, ಕಾಳಗಕ್ಕೆ ಉಗಿ ಎಂಬ ಲೆಕ್ಕಾಚಾರ.

ಆ ಲೆಕ್ಕಾಚಾರಕ್ಕೆ ಪಡಬೇಕಿದ್ದ ಪಾಡು ನೋಡಿ. ಹಾಯಿ ಬಿಚ್ಚಿದಾಗ ನೀರಿನಲ್ಲಿರುವ ಪ್ರೊಪೆಲ್ಲರ್ ಬರೀ ಅಡ್ಡಿ. ಇಪ್ಪತ್ತಕ್ಕೂ ಹೆಚ್ಚು ಟನ್ ತೂಗುವ ಅದನ್ನು ನೂರಾರು ನಾವಿಕರು ಹಗ್ಗ ಜಗ್ಗಿ, ಹಡಗಿನ ಹಿಂಭಾಗದ ಬಾವಿಯಂಥ ಕಿಂಡಿಯೊಳಕ್ಕೆ ಎತ್ತಿಕೊಳ್ಳುತ್ತಿದ್ದರು. ಹೊಗೆಕೊಳವೆಗಳನ್ನೂ ದುರ್ಬೀನಿನಂತೆ ಮಡಿಸಿ ತಗ್ಗಿಸುತ್ತಿದ್ದರು. ಪಕ್ಕೆಗೆ 114 ಮಿಲಿಮೀಟರ್ ಕಬ್ಬಿಣದ ಕವಚ ತೊಟ್ಟ ನೌಕೆಗೆ ಇಂಥ ಗಾಣದ ದುಡಿಮೆ!

ಹಾಯಿಯ ಮೋಹಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1870ರ ಸೆಪ್ಟೆಂಬರ್‌ನಲ್ಲಿ. ‘ಕ್ಯಾಪ್ಟನ್’ ಎಂಬ ನೌಕೆಯಲ್ಲಿ ಫಿರಂಗಿಗಳಿದ್ದದ್ದು ತಿರುಗುವ ಗೋಪುರಗಳಲ್ಲಿ. ಅದರ ಡೆಕ್ ನೀರಿನಿಂದ ಸುಮಾರು ಎರಡು ಮೀಟರ್ ಮಾತ್ರ ಮೇಲೆ. ಅದರ ಮೇಲೆ ಎತ್ತರದ ಪಟಸ್ತಂಭಗಳು ಬೇರೆ. ಸ್ಪೇನಿನ ಫಿನಿಸ್ಟೆರ್ ಭೂಶಿರದ ಬಳಿ ಬಿರುಗಾಳಿಗೆ ಅದು ಮಗುಚಿ, ಸುಮಾರು 480 ಮಂದಿ ಸತ್ತರು. ವಿನ್ಯಾಸಕ ಕೂಪರ್ ಕೋಲ್ಸ್ ಕೂಡ ಹಡಗಿನಲ್ಲೇ ಇದ್ದರು. ಬದುಕುಳಿದ 18 ಮಂದಿಯಲ್ಲಿ ಅವರಿಲ್ಲ.

ಮರುವರ್ಷ ನೀರಿಗಿಳಿದ ‘ಡೆವಾಸ್ಟೇಷನ್’ಗೆ ಹಾಯಿಯೇ ಇರಲಿಲ್ಲ. ಕಲ್ಲಿದ್ದಲನ್ನು ಹೆಚ್ಚು ತುಂಬಲು ಜಾಗವಿತ್ತು, ಹಗ್ಗಗಳ ಅಡ್ಡಿಯಿಲ್ಲದೆ ಫಿರಂಗಿಗಳನ್ನು ತಿರುಗಿಸಬಹುದಿತ್ತು. ಆದರೂ ಹಳೆಯ ಚಟ ಸುಲಭಕ್ಕೆ ಬಿಡಲಿಲ್ಲ: 1881ರಲ್ಲಿ ಸಿದ್ಧವಾದ ‘ಇನ್‌ಫ್ಲೆಕ್ಸಿಬಲ್‌’ಗೂ ಹಾಯಿ ಕಟ್ಟಿ, ಕೆಲವೇ ವರ್ಷಗಳಲ್ಲಿ ಕಿತ್ತುಹಾಕಿದರು.