ಸಂಪಾದಕರ ಉತ್ತರ: ಇನ್ನು ಯಾವಾಗ ಬರುತ್ತೀರಿ?

ಪ್ರೀತಿಯ ಸಹೋದರಿಗೆ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಅಂಚೆಯಲ್ಲೇ ಉತ್ತರ ಕಳಿಸಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಎಷ್ಟೋ ಜನ ನನ್ನ ಹತ್ತಿರ ಕೇಳಿದ್ದಾರೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ಸಾವಿನ ಮನೆಯಲ್ಲಿ, ಒಮ್ಮೆ ಮಂಗಳೂರು-ಉಡುಪಿ ಬಸ್ಸಿನಲ್ಲೂ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ಓದುಗರಿಗಾಗಿ ಪತ್ರದ ಸಾರ ಇಷ್ಟು. ಬರೆದವರು ಉಡುಪಿ ಕಡೆಯ ಗೃಹಿಣಿ. ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದ ಗಂಡ ಕಾಯಿಲೆ ಬಿದ್ದು 14 ತಿಂಗಳು ಹಾಸಿಗೆಯಲ್ಲೇ ಇದ್ದರು. ಪೂರ್ತಿ ಇವರೇ ನೋಡಿಕೊಂಡರು. ಅವರು ತೀರಿಕೊಂಡು ಎರಡು ವರ್ಷ. ಮಕ್ಕಳು ಹೊರದೇಶದಲ್ಲಿ. "ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುವಾಗ ಬಾಯಿ ಆಡುತ್ತದೆ, ಒಳಗೆ ಏನೂ ಇಲ್ಲ. ದೇವರಿದ್ದಾನೆ ಅಂತ ಅನಿಸುವುದೇ ಇಲ್ಲ" ಎಂದು ಬರೆದಿದ್ದಾರೆ. ನವೆಂಬರಿನಲ್ಲಿ ಅವರ ಚರ್ಚಿನಲ್ಲಿ ಬಡವರ ದಿನ ಆಚರಿಸಿದರು. ಪೋಪ್ ಫ್ರಾನ್ಸಿಸ್ 2017ರಲ್ಲಿ ಶುರು ಮಾಡಿದ ಆಚರಣೆ ಅದು. ಆ ದಿನ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರು ಬಂದು, "ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಗೆ ಸೇರಿ, ವಾರಕ್ಕೊಮ್ಮೆ ಬಡವರ ಮನೆಗೆ ಹೋಗಿ ಬನ್ನಿ, ನಿಮ್ಮ ಮನಸ್ಸಿಗೂ ಒಳ್ಳೆಯದಾಗುತ್ತದೆ" ಎಂದರಂತೆ. ಇವರ ಪ್ರಶ್ನೆ ಹುಟ್ಟಿದ್ದು ಅಲ್ಲಿ. "ನಂಬಿಕೆಯೇ ಇಲ್ಲದವಳು ದೇವರ ಹೆಸರಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋದರೆ ಅದು ನಟನೆ ಅಲ್ವಾ? ನನ್ನ ದುಃಖ ಮರೆಯಲು ಅವರ ಕಷ್ಟವನ್ನು ಬಳಸಿಕೊಂಡ ಹಾಗಲ್ವಾ?"

ಹೋಗಿ ಎಂದೇ ನಾನು ಹೇಳುವುದು. ಆದರೆ ಮನಸ್ಸಿಗೆ ಒಳ್ಳೆಯದಾಗಲಿ ಅಂತ ಹೋಗಬೇಡಿ. ಗುರಿಕಾರರು ಪ್ರೀತಿಯಿಂದಲೇ ಹೇಳಿದ್ದಾರೆ, ಆದರೂ ಆ ಕೊನೆಯ ಮಾತು ನನಗೆ ಒಪ್ಪಿಗೆಯಿಲ್ಲ. ಬಡವರು ನಮ್ಮ ದುಃಖಕ್ಕೆ ಮದ್ದಲ್ಲ. ನಿಮಗೆ ಆ ಹೆದರಿಕೆ ಬಂದಿದೆ ಎಂದರೆ ನೀವು ಅವರನ್ನು ಮನುಷ್ಯರಾಗಿ ನೋಡುತ್ತಿದ್ದೀರಿ ಎಂದೇ ಅರ್ಥ.

ನನ್ನ ಕತೆ ಸ್ವಲ್ಪ ಹೇಳಬೇಕು. ಸುಮಾರು 14 ವರ್ಷದ ಹಿಂದೆ ನನ್ನ ತಮ್ಮ ಹೆದ್ದಾರಿಯಲ್ಲಿ ಬೈಕ್ ಅಪಘಾತವಾಗಿ ತೀರಿಕೊಂಡ. 31 ವರ್ಷ ಅವನಿಗೆ. ಆಮೇಲೆ ನಾನು ಚರ್ಚಿಗೆ ಹೋಗುತ್ತಿದ್ದೆ, ಹಿಂದಿನ ಸಾಲಿನಲ್ಲಿ ನಿಂತು ಬರುತ್ತಿದ್ದೆ, ಅಷ್ಟೆ. ದೇವರ ಮೇಲೆ ಸಿಟ್ಟಿದ್ದರೂ ಪರವಾಗಿರಲಿಲ್ಲ, ಸಿಟ್ಟಿಗೆ ಎದುರಿಗೆ ಒಬ್ಬರು ಬೇಕಲ್ಲ. ನನಗೆ ಎದುರಿಗೆ ಯಾರೂ ಕಾಣುತ್ತಿರಲಿಲ್ಲ. ನೀವು "ಒಳಗೆ ಏನೂ ಇಲ್ಲ" ಎಂದು ಬರೆದದ್ದನ್ನು ಓದಿದಾಗ ಆ ಹಿಂದಿನ ಸಾಲು ನೆನಪಾಯಿತು.

ನಮ್ಮ ಚರ್ಚಿನಲ್ಲಿ ನಿವೃತ್ತ ಶಾಲಾ ಮಾಸ್ಟ್ರೊಬ್ಬರಿದ್ದರು. ವಿನ್ಸೆಂಟ್ ಸಭೆಯವರು. ಒಂದು ಭಾನುವಾರ ನನ್ನನ್ನು ನಿಲ್ಲಿಸಿ, "ಅಕ್ಕಿ ಚೀಲ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ನನ್ನ ಮೊಣಗಂಟು ಸರಿಯಿಲ್ಲ" ಎಂದರು. ನನಗೆ ಪ್ರಾರ್ಥನೆ ಗಿರ್ಥನೆ ಬರುವುದಿಲ್ಲ ಮಾಸ್ಟ್ರೇ ಎಂದೆ. "ಅದು ಬೇಡ, ಚೀಲ ಹಿಡಿದುಕೊಂಡರೆ ಸಾಕು" ಎಂದರು.

ವಾಮಂಜೂರು ದಾಟಿ ಒಂದು ಗುಡ್ಡ ಹತ್ತಬೇಕು. ಮೇಲೆ ಹಂಚಿನ ಚಿಕ್ಕ ಮನೆ. ಜಗಲಿಯಲ್ಲಿ ಒಬ್ಬರು ಅಜ್ಜಿ ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ, ಹೊಗೆಸೊಪ್ಪು, ನೂಲು, ಒಂದು ಕತ್ತರಿ. ಗೋಡೆಯಲ್ಲಿ ಧರ್ಮಸ್ಥಳದ ಮಂಜುನಾಥ ಸ್ವಾಮಿಯ ಕ್ಯಾಲೆಂಡರ್. "ಪೊರ್ಬುಲೆ, ಕುಲ್ಲುಲೆ" ಎಂದು ತುಳುವಿನಲ್ಲಿ ಕೂರಲು ಹೇಳಿದರು. ಒಳಗೆ ಮಂಚದ ಮೇಲೆ ಅವರ ಮಗ. ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಬಲವಿಲ್ಲ. ನನ್ನ ತಮ್ಮನ ವಯಸ್ಸೇ.

ಮಾಸ್ಟ್ರು ಧರ್ಮದ ಮಾತು ಎತ್ತಲಿಲ್ಲ. ಅಂಗವಿಕಲರ ಮಾಸಾಶನ ಬಂತಾ, ಯಾವ ಕಾಗದ ಬಾಕಿ ಇದೆ ಎಂದು ಕೇಳಿದರು. ಆಮೇಲೆ ಅಂಗಿಯ ಜೇಬಿನಿಂದ ಒಂದು ನೈಲ್ ಕಟರ್ ತೆಗೆದು ನನ್ನ ಕೈಗೆ ಕೊಟ್ಟರು. "ಅಜ್ಜಿಗೆ ಕಣ್ಣು ಕಾಣುವುದಿಲ್ಲ. ನನಗೆ ಬಗ್ಗಲು ಆಗುವುದಿಲ್ಲ. ಹುಡುಗನ ಕಾಲಿನ ಉಗುರು ತೆಗೆದುಬಿಡಿ."

ನಾನು ಇನ್ನೊಬ್ಬರ ಕಾಲು ಹಿಡಿದು ಕೂತದ್ದು ಅದೇ ಮೊದಲು. ಉಗುರು ದಪ್ಪವಾಗಿ ಹಳದಿ ತಿರುಗಿತ್ತು. ಹೆಬ್ಬೆರಳಿನದ್ದು ಪಕ್ಕದ ಬೆರಳಿಗೆ ಚುಚ್ಚಿ ಗಾಯ ಮಾಡಿತ್ತು. ಬಿಸಿನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಮೊದಲು ಮೆತ್ತಗೆ ಮಾಡಬೇಕು ಎಂದು ಅಜ್ಜಿಯೇ ಹೇಳಿಕೊಟ್ಟರು. ನೋವಾಗುತ್ತದಾ ಎಂದು ಆ ಹುಡುಗನನ್ನು ಕೇಳಿದೆ. "ಅಲ್ಲಿ ನನಗೆ ಏನೂ ಗೊತ್ತಾಗುವುದಿಲ್ಲ, ನೀವು ತೆಗೀರಿ" ಎಂದ. ಹತ್ತು ಉಗುರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ನಾನು ತಮ್ಮನನ್ನು ನೆನೆಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಪೂರ್ತಿ ಅವನನ್ನೇ ನೆನೆಯುತ್ತಿದ್ದೆ. ಆದರೆ ಕೈ ಕೆಲಸ ಮಾಡುತ್ತಿತ್ತು.

ಹೊರಡುವಾಗ ಅಜ್ಜಿ ಕೇಳಿದರು: "ನನ ಏಪ ಬರ್ಪರ್?" ಇನ್ನು ಯಾವಾಗ ಬರುತ್ತೀರಿ ಅಂತ. ಬರುವ ಭಾನುವಾರ ಎಂದೆ. ಗುಡ್ಡ ಇಳಿಯುವಾಗ ಹೊಳೆಯಿತು. ತಮ್ಮ ಹೋದ ಮೇಲೆ ಮುಂದಿನ ವಾರದ ಬಗ್ಗೆ ನಾನು ಆಡಿದ ಮೊದಲ ಮಾತು ಅದು.

ಇಲ್ಲಿಗೆ ನಿಲ್ಲಿಸಿದರೆ ಚಂದದ ಕತೆಯಾಗುತ್ತದೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ನಾಲ್ಕನೇ ವಾರದಲ್ಲಿ. ಆ ಭಾನುವಾರ ಜೋರು ಮಳೆ. ನನಗೆ ಮನಸ್ಸೂ ಇರಲಿಲ್ಲ. ಹೋಗಲಿಲ್ಲ, ಹೇಳಿಯೂ ಕಳಿಸಲಿಲ್ಲ. ಮಾಸ್ಟ್ರು ಕೊಡೆ ಹಿಡಿದು, ಆ ಮೊಣಗಂಟಿನಲ್ಲೇ ಗುಡ್ಡ ಹತ್ತಿದ್ದರು. ಅಜ್ಜಿ ನನಗಾಗಿ ಗಂಜಿ ಜಾಸ್ತಿ ಬೇಯಿಸಿ, ಬಟ್ಟಲಿಗೆ ಪ್ಲೇಟು ಮುಚ್ಚಿ ಇಟ್ಟಿದ್ದರಂತೆ. ಮಧ್ಯಾಹ್ನದವರೆಗೂ ತೆಗೆಯಲಿಲ್ಲವಂತೆ. ಮಾಸ್ಟ್ರು ನನಗೆ ಬೈಯಲಿಲ್ಲ. ಇಷ್ಟನ್ನು ಹೇಳಿ ಸುಮ್ನಾದರು.

ಆ ಮುಚ್ಚಿಟ್ಟ ಬಟ್ಟಲು ಈಗಲೂ ನನ್ನ ಕಣ್ಣ ಮುಂದಿದೆ. ನಟನೆ ಎಂದರೆ ಅದು, ಸಹೋದರಿ. ನನಗೆ ಬೇಕೆನಿಸಿದಾಗ ಹೋಗಿ, ಬೇಡವೆನಿಸಿದಾಗ ಬಿಡುವುದು. ಬಳಸಿಕೊಳ್ಳುವುದು ಎಂದರೂ ಅದೇ. ಒಳಗೆ ನಂಬಿಕೆ ಇದೆಯೋ ಇಲ್ಲವೋ ಅಜ್ಜಿಗೆ ಬೇಕಾಗಿರಲಿಲ್ಲ. ಬರುತ್ತೇನೆ ಅಂದವನು ಬರಬೇಕಿತ್ತು. ಅದರ ನಂತರ ನಾನು ಹೇಳದೆ ತಪ್ಪಿಸಿದ್ದಿಲ್ಲ. ಹಾಗೆ ಹೋಗುತ್ತಾ ಹೋಗುತ್ತಾ ಯಾವಾಗ ನನ್ನ ಪ್ರಾರ್ಥನೆ ಮರಳಿತು ಎಂದು ಕೇಳಿದರೆ ತಾರೀಕು ಹೇಳಲು ಬರುವುದಿಲ್ಲ. ಗುಡ್ಡ ಹತ್ತುವಾಗ ಒಂದು ದಿನ "ಆ ಹುಡುಗನ ಬೆನ್ನಿನ ಗಾಯ ಒಣಗಿರಲಿ ದೇವರೇ" ಎಂದು ಬಾಯಿಗೆ ಬಂತು. ಯಾರ ಹತ್ತಿರ ಕೇಳುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಕೇಳಿ ಆಗಿತ್ತು.

ನೀವು ಸೇರಬೇಕೆಂದಿರುವ ಸಭೆ ಹುಟ್ಟಿದ್ದೂ ಇಂಥ ಒಂದು ಪ್ರಶ್ನೆಯಿಂದಲೇ. ಫ್ರೆಡೆರಿಕ್ ಒಜಾನಾಮ್ ಎಂಬ ಹುಡುಗ ಕಾನೂನು ಓದಲು ಪ್ಯಾರಿಸ್‌ಗೆ ಬಂದಿದ್ದ. ಹದಿಹರೆಯದಲ್ಲಿ ಅವನಿಗೂ ನಂಬಿಕೆ ಅಲ್ಲಾಡಿತ್ತು. ಒಬ್ಬ ಗುರುವಿನ ತಾಳ್ಮೆಯಿಂದ ಅದು ಮತ್ತೆ ನಿಂತಿತು. ಪ್ಯಾರಿಸ್‌ನಲ್ಲಿ ಗೆಳೆಯರ ಜೊತೆ ಚರ್ಚೆ ನಡೆಯುವಾಗ ಎದುರು ಪಕ್ಷದವರು, ನಿಮ್ಮ ಧರ್ಮಸಭೆ ಹಿಂದೆ ಒಳ್ಳೆಯದು ಮಾಡಿರಬಹುದು, ಈಗ ನೀವು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಅದರ ಹಿಂದಿನ ವರ್ಷವಷ್ಟೇ ಆ ನಗರದಲ್ಲಿ ಕಾಲರಾ ಬಂದು ಜನ ಸತ್ತಿದ್ದರು. ಒಜಾನಾಮ್‌ಗೆ ವಾದ ಮಾಡಿ ಗೆಲ್ಲುವ ಶಕ್ತಿ ಇತ್ತು. ಅವನು ವಾದ ಬಿಟ್ಟ. 1833ರ ಏಪ್ರಿಲ್ 23ರಂದು, ಅವನಿಗೆ 20 ತುಂಬಿದ ದಿನವೇ, ಐದಾರು ಗೆಳೆಯರು ಹಿರಿಯರೊಬ್ಬರ ಜೊತೆ ಕೂತು ಬಡವರ ಮನೆಗೆ ಹೋಗುವುದೆಂದು ನಿಶ್ಚಯಿಸಿದರು. ಹೇಗೆ ಹೋಗುವುದೆಂದು ಅವರಿಗೆ ಗೊತ್ತಿರಲಿಲ್ಲ. ಬಡವರ ಕೇರಿಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದ್ದ ಸಿಸ್ಟರ್ ರೊಸಾಲಿ ರೆಂಡು ಅವರ ಹತ್ತಿರ ಕಲಿತರು. ಯಾವ ಮನೆಗೆ ಹೋಗಬೇಕೆಂದು ಅವರೇ ತೋರಿಸಿದರು, ಬ್ರೆಡ್ಡಿನ ಚೀಟಿಗಳನ್ನೂ ಕೊಟ್ಟರು. ಇಬ್ಬಿಬ್ಬರಾಗಿ ಮನೆಗೆ ಹೋಗುವ ಇವತ್ತಿನ ಕ್ರಮ ಅಲ್ಲಿಂದ ಬಂದದ್ದು. ಒಜಾನಾಮ್ 40ನೇ ವಯಸ್ಸಿಗೆ ತೀರಿಕೊಂಡರು. 1997ರಲ್ಲಿ ಅವರನ್ನು ಪುನೀತರೆಂದು ಘೋಷಿಸಲಾಯಿತು.

ದೂರ ಯಾಕೆ, ನಮ್ಮ ಮಂಗಳೂರಿನ ಕಂಕನಾಡಿಯನ್ನೇ ನೋಡಿ. ಅಲ್ಲಿನ ಆಸ್ಪತ್ರೆಯನ್ನು ಫಾದರ್ ಮುಲ್ಲರ್ಸ್ ಎಂದು ನಾವು ದಿನಾ ಬಾಯಲ್ಲಿ ಹೇಳುತ್ತೇವೆ. ಜರ್ಮನಿಯಿಂದ ಬಂದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಆಲದ ಮರದ ಕೆಳಗೆ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ನನ್ನನ್ನು ತಟ್ಟುವುದು 1890ರಲ್ಲಿ ಅವರು ಕುಷ್ಠರೋಗಿಗಳಿಗೆ ಶುರು ಮಾಡಿದ ಆಶ್ರಯ. ಆಗ ಕುಷ್ಠಕ್ಕೆ ಮದ್ದೇ ಇರಲಿಲ್ಲ. ನಿಜವಾಗಿ ಗುಣ ಮಾಡುವ ಮಾತ್ರೆ, ಇಂಜೆಕ್ಷನ್ ಬಂದದ್ದು 1940ರ ದಶಕದಲ್ಲಿ. ಮುಲ್ಲರ್ 1910ರಲ್ಲೇ ತೀರಿಕೊಂಡಿದ್ದರು. ಅಂದರೆ 50 ವರ್ಷ ಅಲ್ಲಿ ಗಾಯ ತೊಳೆದವರು, ಬಟ್ಟೆ ಕಟ್ಟಿದವರು, ಗಂಜಿ ಕೊಟ್ಟವರು ಯಾರೂ, ಈ ರೋಗಿ ನಾಳೆ ಗುಣವಾಗಿ ಮನೆಗೆ ಹೋಗುತ್ತಾನೆ ಎಂದುಕೊಂಡು ಮಾಡಿದ್ದಲ್ಲ. ಬೆಳಿಗ್ಗೆ ಎದ್ದು ಮತ್ತೆ ಗಾಯ ತೊಳೆದರು, ಮರುದಿನ ಮತ್ತೆ. ಭರವಸೆ ಎಂಬ ಮಾತು ಕೇಳಿದಾಗ ನನಗೆ ಬರುವ ಚಿತ್ರ ಇದು. ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನದ ಮಾತು ನಿಮ್ಮ ಮನೆಯಲ್ಲಿ ಆ 14 ತಿಂಗಳು ಸಾಕಷ್ಟು ಜನ ಹೇಳಿರಬೇಕು. ಸರಿಹೋಗಲಿಲ್ಲ. ಆದರೂ ನೀವು ದಿನಾ ಮಗ್ಗುಲು ಬದಲಿಸಿದಿರಿ.

ಒಂದು ವಿಷಯದಲ್ಲಿ ನಾನು ನಿಮಗೆ ಮಾತು ಕೊಡಲಾರೆ. ಸೇವೆಗೆ ಹೋದರೆ ದೇವರಿದ್ದಾನೆ ಎಂಬ ಅನಿಸಿಕೆ ವಾಪಸ್ ಬಂದೇ ಬರುತ್ತದೆ ಎಂದು. ಮದರ್ ತೆರೇಸಾ ಅವರಿಗೇ ಅದು ಬರಲಿಲ್ಲ. ಅವರ ಪತ್ರಗಳು 2007ರಲ್ಲಿ ಹೊರಬಂದಾಗ ಜಗತ್ತಿಗೆ ಗೊತ್ತಾಯಿತು, ದಶಕಗಳ ಕಾಲ ಒಳಗೆ ಅವರಿಗೆ ಕತ್ತಲೆಯೇ ಇತ್ತು. ಆ ಕತ್ತಲೆ ಇಟ್ಟುಕೊಂಡೇ ಅವರು ಕೋಲ್ಕತ್ತದ ಬೀದಿಯಿಂದ ಜನರನ್ನು ಎತ್ತಿ ತಂದದ್ದು. ಅವರನ್ನು ನಟಿಸಿದರು ಎಂದು ಹೇಳಲು ನಿಮಗೆ ಬಾಯಿ ಬರುತ್ತದಾ? ಹಾಗಾದರೆ ನಿಮ್ಮನ್ನೂ ಹೇಳಿಕೊಳ್ಳಬೇಡಿ.

ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯ ಬಡವರ ದಿನ ಎಲ್ಲರೂ ಓದುತ್ತಾರೆ. ಹಸಿದಿದ್ದೆ, ಊಟ ಕೊಟ್ಟಿರಿ ಎಂಬ ಭಾಗ. ನಾನು ವರ್ಷಗಟ್ಟಲೆ ಕೇಳಿದ್ದರೂ ಅದರ ಮುಂದಿನ ಸಾಲನ್ನು ಗಮನಿಸಿದ್ದು ತಡವಾಗಿ. ಆ ಒಳ್ಳೆಯ ಜನ ಆಶ್ಚರ್ಯಪಟ್ಟು, ಸ್ವಾಮಿ, ನಾವು ನಿಮ್ಮನ್ನು ಯಾವಾಗ ನೋಡಿದೆವು ಎಂದು ಕೇಳುತ್ತಾರೆ. ಕೊಡುವಾಗ ಅವರಿಗೆ ದೇವರು ಕಂಡೇ ಇರಲಿಲ್ಲ. ಎದುರಿಗೆ ಹಸಿದವನು ಮಾತ್ರ ಕಂಡಿದ್ದ. ಅದಕ್ಕಾಗಿ ಯಾರೂ ಅವರನ್ನು ತಪ್ಪು ಹಿಡಿಯುವುದಿಲ್ಲ.

ಹೋಗುವುದಾದರೆ ಕೆಲವು ಮಾತು. ಒಬ್ಬರೇ ಹೋಗಬೇಡಿ. ಅವರು ಚಾ ಕೊಟ್ಟರೆ ಕುಡಿಯಿರಿ, ಬೇಡ ಅನ್ನಬೇಡಿ. ಕೊಡುವವರು ಯಾವಾಗಲೂ ನಾವೇ ಆಗಿರಬಾರದು. ಉಪದೇಶ ಬೇಡ. ಪಕ್ಕದ ಮನೆಯವರು ನಿಂತಿರುವಾಗ ಸಂಪಾದನೆ ಎಷ್ಟು, ಸಾಲ ಎಷ್ಟು ಎಂದು ಕೇಳಬೇಡಿ. ಅಕ್ಕಿಗಿಂತ ಎಷ್ಟೋ ಸಲ ಅವರಿಗೆ ಬೇಕಾಗುವುದು ಅಜ್ಜರಕಾಡಿನ ಜಿಲ್ಲಾಸ್ಪತ್ರೆಯ ಚೀಟಿ ಸಾಲಿನಲ್ಲಿ ಜೊತೆಗೆ ನಿಲ್ಲುವ ಒಬ್ಬರು, ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷಾದ ಅರ್ಜಿ ತುಂಬಿಸಿಕೊಡುವ ಒಬ್ಬರು. ಸರಕಾರ ಕೊಡಬೇಕಾದದ್ದನ್ನು ಸರಕಾರದಿಂದಲೇ ತೆಗೆಸಿಕೊಡುವುದು ದೊಡ್ಡ ಸೇವೆ.

ಮತ್ತೆ ಫೋಟೊ ಬೇಡವೇ ಬೇಡ. ಒಮ್ಮೆ ಒಂದು ಕಾರ್ಯಕ್ರಮದಲ್ಲಿ ಅಕ್ಕಿ ಕಿಟ್ ತೆಗೆದುಕೊಳ್ಳಲು ಬಂದ ತಾಯಿಯೊಬ್ಬರು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡರು. "ಇಲ್ಲಿ ನೋಡಮ್ಮ" ಎಂದು ವೇದಿಕೆಯಿಂದ ಕೂಗಿದರು. ಅಂಥ ಫೋಟೊಗಳು ನಮ್ಮ ಪತ್ರಿಕೆಯಲ್ಲೂ ಅಚ್ಚಾಗಿವೆ. ಅದು ನನ್ನ ತಪ್ಪು. ಆ ದಿನದಿಂದ ನಿಲ್ಲಿಸಿದ್ದೇನೆ. ಕಳಿಸಿದವರಿಗೆ ಬೇಸರವಾದರೂ ಹಾಕುವುದಿಲ್ಲ.

ಈಗ ನಿಮ್ಮ ಪತ್ರದ ಕೊನೆಯ ನಾಲ್ಕು ಸಾಲು. ಗಂಡನಿಗೆ ತಂದ ಏರ್ ಬೆಡ್ ಇನ್ನೂ ಆ ಕೋಣೆಯಲ್ಲೇ ಇದೆ, ಯಾರಿಗಾದರೂ ಕೊಡಿ ಎಂದು ಮಕ್ಕಳು ಹೇಳುತ್ತಾರೆ, ಕೊಡಲು ಕೈ ಬರುವುದಿಲ್ಲ ಎಂದಿದ್ದೀರಿ. ಮಗ್ಗುಲು ಬದಲಿಸಲು ರಾತ್ರಿ ಎರಡು ಗಂಟೆಗೆ ಇಟ್ಟ ಅಲಾರಂ ಈಗಲೂ ಮೊಬೈಲಿನಲ್ಲಿದೆ, ತೆಗೆದಿಲ್ಲ ಎಂದಿದ್ದೀರಿ. ಇದನ್ನು ಓದುವಾಗ ನನಗೆ ಆ ಗುಡ್ಡದ ಮನೆಯೇ ನೆನಪಾಯಿತು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಮಾಸ್ಟ್ರಿಗೂ ಗೊತ್ತಿರಲಿಲ್ಲ. ಗಾಯ ಆದ ಮೇಲೆ ಕಲಿತೆವು. ನಿಮಗೆ ಅದು ಮೊದಲೇ ಗೊತ್ತು. ಹಿಮ್ಮಡಿಯ ಕೆಳಗೆ ಬಟ್ಟೆ ಹೇಗೆ ಇಡಬೇಕು, ಮಲಗಿದವರ ಬೆಡ್‌ಶೀಟ್ ಹೇಗೆ ಬದಲಿಸಬೇಕು, ನುಂಗಲು ಆಗದವರಿಗೆ ಗಂಜಿ ಎಷ್ಟು ತೆಳ್ಳಗೆ ಇರಬೇಕು, ಎಲ್ಲ ಗೊತ್ತು. ನಿಮ್ಮ ಚರ್ಚಿನ ಸುತ್ತಮುತ್ತ ಇದು ಗೊತ್ತಿಲ್ಲದ ಮನೆಗಳಿವೆ, ಈ ರಾತ್ರಿಯೂ ಅಲ್ಲಿ ಯಾರೋ ಒಂದೇ ಮಗ್ಗುಲಲ್ಲಿ ಮಲಗಿದ್ದಾರೆ.

ಏರ್ ಬೆಡ್ ಕೊಡಲು ಅವಸರ ಬೇಡ. ಮೊದಲು ಬರೇ ಕೈಯಲ್ಲಿ ಹೋಗಿ, ನಾಲ್ಕು ಮನೆ ನೋಡಿ. ಅದು ಯಾರ ಮನೆಗೆ ಹೋಗಬೇಕೆಂದು ನಿಮಗೇ ಗೊತ್ತಾಗುತ್ತದೆ. ಆ ದಿನ ನಮ್ಮ ಕಚೇರಿಗೆ ಒಂದು ಫೋನ್ ಮಾಡಿ. ಟೆಂಪೊ ನಾನು ಮಾಡಿಸುತ್ತೇನೆ. ಅದರ ಮೋಟಾರ್ ಜೋಡಿಸಿ ಎಷ್ಟು ಗಾಳಿ ತುಂಬಬೇಕೆಂದು ತೋರಿಸಲು ನೀವೇ ಬರಬೇಕಾಗುತ್ತದೆ.

ನಿಮ್ಮ,
ಸಂಪಾದಕ