ಕಾರವಾರ ಕಡೆ 'ಎಲ್ಲ ಸೇರಿದ' ಬೀಚ್ ರೆಸಾರ್ಟಿಗೆ ಗೆಳೆಯನ ಜೊತೆ ಹೋಗಬಹುದಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ನೀವು ಮತ್ತು ನಿಮ್ಮ ಹಳೇ ರೂಮ್‌ಮೇಟ್, ಇಬ್ಬರೇ, ಡಿಸೆಂಬರಿನಲ್ಲಿ ಕಾರವಾರ ಕಡೆ ಊಟ, ವಸತಿ, ಬೋಟಿಂಗ್ ಎಲ್ಲ ಸೇರಿದ ಪ್ಯಾಕೇಜ್ ತಗೊಂಡು ಎರಡು ರಾತ್ರಿ ಉಳಿಯಬೇಕು ಅಂತಿದ್ದೀರಿ. ಕೊಟ್ಟ ದುಡ್ಡಿಗೆ ತಕ್ಕದ್ದಾ, ಜೋಡಿಗಳ ನಡುವೆ ಇಬ್ಬರು ಗಂಡಸರಿಗೆ ಬೋರ್ ಹೊಡೆಯುವುದಿಲ್ವಾ, ಅದರ ಬದಲು ಗೋಕರ್ಣದಲ್ಲಿ ಬರೀ ರೂಮ್ ಮಾಡಿದರೆ ಆಗುವುದಿಲ್ವಾ ಅಂತ.

ನಾನು ಶಿರಸಿಯವನು. ನಮ್ಮ ಕಡೆಯವರಿಗೆ ಸಮುದ್ರ ಅಂದರೆ ಬೆಳಿಗ್ಗೆ ಘಟ್ಟ ಇಳಿದು ಸಂಜೆ ಹತ್ತಿ ಬರುವಂಥದ್ದು, ದುಡ್ಡು ಕೊಟ್ಟು ಅಲ್ಲೇ ಮಲಗುವ ಅಭ್ಯಾಸ ಕಡಿಮೆ. ಹುಬ್ಬಳ್ಳಿಯ ಗೆಳೆಯನೊಬ್ಬ ಹಟ ಹಿಡಿದ, ಹೋದೆವು. ಕಾರವಾರದ ಹತ್ತಿರ, ಹೊಳೆ ಆಚೆ. ಹೆಸರು ಹೇಳುವುದಿಲ್ಲ, ಸುಮ್ನೆ ಜಾಹೀರಾತು ಆಗುತ್ತದೆ.

ನೇರ ಉತ್ತರ ಇದು. ಗೇಟಿನ ಆಚೆ ತಿನ್ನಲು ಏನೂ ಸಿಗದ ಜಾಗವಾದರೆ ಪ್ಯಾಕೇಜ್ ತಗೊಳ್ಳಿ. ಗೇಟ್ ದಾಟಿದ ಕೂಡಲೇ ಹೋಟೆಲು, ಅಂಗಡಿ, ಆಟೋ ಸಿಗುವ ಜಾಗವಾದರೆ ಬರೀ ರೂಮ್ ಸಾಕು. ಕಾಳಿ ನದಿ ಸಮುದ್ರ ಸೇರುವಲ್ಲಿ, ಉತ್ತರ ದಂಡೆಯ ಮೇಲೆ ದೇವಬಾಗ ಇದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಗಾಳಿಮರದ ತೋಪು. ಅಂಥ ಕಡೆ ರಾತ್ರಿ ಒಂಬತ್ತಕ್ಕೆ ಹಸಿವಾದರೆ ಎಲ್ಲಿಗೆ ಹೋಗುತ್ತೀರಿ? ಅಲ್ಲಿ ಪ್ಯಾಕೇಜಿಗೆ ಅರ್ಥ ಇದೆ. ಗೋಕರ್ಣದ ಕುಡ್ಲೆ ಬೀಚಿನಲ್ಲೋ ಮುರ್ಡೇಶ್ವರದಲ್ಲೋ ಮೂರು ಹೊತ್ತಿನ ಊಟಕ್ಕೆ ಮೊದಲೇ ದುಡ್ಡು ಕಟ್ಟಿ ಕೂರುವುದು ಶುದ್ಧ ದಂಡ. ಹೊರಗಿನ ಊಟ ಅಗ್ಗವೂ ಹೌದು, ರುಚಿಯೂ ಹೌದು. ಕಟ್ಟಿಯಾಗಿದೆ ಅನ್ನುವ ಒಂದೇ ಕಾರಣಕ್ಕೆ ಬುಫೆಗೆ ವಾಪಸ್ ಓಡಿ ಬರಬೇಕು.

ಮಾಲ್ಡೀವ್ಸ್, ಮೆಕ್ಸಿಕೋ ವಿಡಿಯೋಗಳಲ್ಲಿ ಕೈಗೊಂದು ಪಟ್ಟಿ ಕಟ್ಟಿ ದಿನವಿಡೀ ಕುಡಿಯಲು ಕೊಡುವುದನ್ನು ನೋಡಿರುತ್ತೀರಿ. ಈ ಪದ್ಧತಿಯನ್ನು ಬೆಳೆಸಿದ್ದು ಕ್ಲಬ್ ಮೆಡ್ ಅನ್ನುವ ಕಂಪನಿ, 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಟೆಂಟ್ ಹಾಕಿ ಶುರು ಮಾಡಿದ್ದು. ನಮ್ಮ ಕರಾವಳಿಯಲ್ಲಿ 'ಎಲ್ಲ ಸೇರಿ' ಅಂದರೆ ಅಷ್ಟೆಲ್ಲ ಅಲ್ಲ. ರೂಮು, ಮಧ್ಯಾಹ್ನದ ಊಟ, ಸಂಜೆ ಚಹಾ ಜೊತೆ ಬಜ್ಜಿನೋ ಮತ್ತೇನೋ, ರಾತ್ರಿ ಊಟ, ಬೆಳಗಿನ ತಿಂಡಿ, ಒಂದು ಬೋಟ್ ಸುತ್ತು. ಮದ್ಯ ಸಾಮಾನ್ಯವಾಗಿ ಸೇರಿರುವುದಿಲ್ಲ. ಪಕ್ಕದಲ್ಲೇ ಗೋವಾ ಇದೆ, ಅಗ್ಗದಲ್ಲಿ ತಂದುಬಿಡೋಣ ಅಂತ ನಿಮ್ಮ ಗೆಳೆಯ ಅಂದರೆ ಬೇಡ ಅನ್ನಿ. ಪರ್ಮಿಟ್ ಇಲ್ಲದೆ ಗೋವಾದ ಬಾಟಲಿ ತರುವುದು ಅಪರಾಧ, ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ಬ್ಯಾಗ್ ಬಿಚ್ಚಿಸುತ್ತಾರೆ.

ದುಡ್ಡಿನ ಲೆಕ್ಕ ಸರಿಯಾಗಿ ನೋಡಿಕೊಳ್ಳಿ. ಹಾಕಿರುವ ದರ ಹೆಚ್ಚಾಗಿ ತಲೆಗೆ, ರೂಮಿಗಲ್ಲ. ಅದೂ ಇಬ್ಬರು ಒಂದೇ ರೂಮಿನಲ್ಲಿ ಇದ್ದರೆ ಮಾತ್ರ. 5,000 ಅಂತ ಕಂಡರೆ ಇಬ್ಬರಿಗೆ ಒಂದು ರಾತ್ರಿಗೆ 10,000. ಅದರ ಮೇಲೆ ತೆರಿಗೆ. ರೂಮಿನ ದಿನದ ದರ 7,500 ರೂಪಾಯಿ ದಾಟಿದರೆ ಜಿಎಸ್‌ಟಿ ಶೇ 18, ಅದರೊಳಗಿದ್ದರೆ 2025ರ ಸೆಪ್ಟೆಂಬರ್ 22ರಿಂದ ಶೇ 5. ಅಂದರೆ ಆ 10,000ಕ್ಕೆ ಇನ್ನೂ 1,800 ಸೇರುತ್ತದೆ. ಫೋನಿನಲ್ಲಿ ಕೇಳುವಾಗ "ಟ್ಯಾಕ್ಸ್ ಎಲ್ಲ ಸೇರಿ ಇಬ್ಬರಿಗೆ ಒಟ್ಟು ಎಷ್ಟು" ಅಂತಲೇ ಕೇಳಿ. ಕೊನೇ ಗಳಿಗೆಯಲ್ಲಿ ಗೆಳೆಯ ಕೈಕೊಟ್ಟರೆ ಒಬ್ಬರಿಗೆ ಎಷ್ಟಾಗುತ್ತದೆ ಅನ್ನುವುದನ್ನೂ ಕೇಳಿಟ್ಟುಕೊಳ್ಳಿ, ಅರ್ಧ ಆಗುವುದಿಲ್ಲ.

ಇನ್ನು ಟೈಮು. ಒಂದು ರಾತ್ರಿಯ ಪ್ಯಾಕೇಜ್ ಅಂದರೆ ಈ ದಿನದ ಮಧ್ಯಾಹ್ನದ ಊಟದಿಂದ ಮಾರನೇ ದಿನದ ತಿಂಡಿವರೆಗೆ. ಸಂಜೆ ಐದಕ್ಕೆ ಮುಟ್ಟಿದರೆ ಒಂದು ಊಟ ಹೋಯಿತು, ಯಾರೂ ಕಡಿಮೆ ಮಾಡಿಕೊಳ್ಳುವುದಿಲ್ಲ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ಸಿಗೆ ಬಂದರೆ ಬೆಳಿಗ್ಗೆಯೇ ಕಾರವಾರದಲ್ಲಿ ಇಳಿಯುತ್ತೀರಿ. ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯಿಂದ ಆಚೆ. ಆಟೋ ಹಿಡಿದು ಪೇಟೆಗೆ ಬನ್ನಿ, ಬಿಸಿ ಬನ್ಸ್, ಭಾಜಿ ತಿನ್ನಿ, ಟಾಗೋರ್ ಬೀಚಿನ ಹತ್ತಿರ ನಿಲ್ಲಿಸಿರುವ ಚಾಪಲ್ ಯುದ್ಧನೌಕೆ ನೋಡಿ. ಅಷ್ಟರಲ್ಲಿ ಚೆಕ್‌ಇನ್ ಟೈಮ್ ಆಗುತ್ತದೆ.

ಈಗ ಗೆಳೆಯನ ವಿಷಯ. ನಿಜವಾದ ಪ್ರಶ್ನೆ ಇದೇ ಅಂತ ನನಗೆ ಅನಿಸುತ್ತದೆ.

ಈ ರೆಸಾರ್ಟುಗಳು ಇಬ್ಬರು ಅಂದ ಕೂಡಲೇ ಗಂಡ ಹೆಂಡತಿ ಅಂತ ತಿಳಿದುಬಿಡುತ್ತವೆ. ನಾವು ಬಾಗಿಲು ತೆಗೆದರೆ ದೊಡ್ಡ ಒಂದೇ ಮಂಚ, ಅದರ ಮೇಲೆ ಟವೆಲ್ ಮಡಚಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂರಿಸಿದ್ದರು. ಸುತ್ತ ದಾಸವಾಳದ ಎಸಳು. ನನ್ನ ಗೆಳೆಯ ಒಂದು ಹಂಸದ ಕುತ್ತಿಗೆ ಬಿಚ್ಚಿ ಮುಖ ಒರೆಸಿಕೊಂಡು, "ನಿಂದು ಆ ಕಡೀದು" ಅಂದ. ರೂಮ್ ಬಾಯ್ ಬಂದು ನೋಡಿ ನಗು ತಡೆಯಲಾಗದೆ ಹೊರಗೆ ಹೋದ, ಆಮೇಲೆ ಇನ್ನೊಂದು ಹಾಸಿಗೆ ತಂದು ಹಾಕಿದ. ಬುಕ್ ಮಾಡುವಾಗಲೇ ಬೇರೆ ಬೇರೆ ಎರಡು ಮಂಚ ಬೇಕು ಅಂತ ಹೇಳಿ. ನಿಮ್ಮಲ್ಲಿ ಒಬ್ಬರು ಗೊರಕೆ ಹೊಡೆಯುವವರಾದರೆ ದೂರ ದೂರ ಹಾಕಿ ಅಂತಲೂ ಹೇಳಿ.

ಊಟದ ವಿಷಯದಲ್ಲಿ ನಮ್ಮದು ವಿಚಿತ್ರ ಜೋಡಿ. ನಾನು ಮೀನು ಮುಟ್ಟುವುದಿಲ್ಲ, ಅವನು ಮೀನಿಗೋಸ್ಕರವೇ ಬಂದವನು. ಇಬ್ಬರಿಗೂ ದರ ಒಂದೇ. ತವಾ ಮುಂದೆ ನಿಂತು ಅವನು ರವೆ ಹಚ್ಚಿ ಹುರಿದ ಇಸ್ವಾಣ ತುಂಡು ಹಾಕಿಸಿಕೊಳ್ಳುತ್ತಿದ್ದ, ನಾನು ಪಕ್ಕದಲ್ಲಿ ಗೋಬಿ ಮಂಚೂರಿಯ ತಟ್ಟೆ ಹಿಡಿದುಕೊಂಡು ನಿಂತಿದ್ದೆ. "ಏನ್ಲೇ, ಇಷ್ಟ್ ರೊಕ್ಕಾ ಕೊಟ್ಟ್ ಬಂದು ಅನ್ನಾ ಮಜ್ಜಗಿ ಉಣ್ಣಾಕತ್ತೀಯಲ್ಲ" ಅಂತ ಅವನ ಕಾಟ. "ನನ್ನ ಪಾಲಿಂದೂ ನೀನೇ ಉಣ್ಣೋ ಮಾರಾಯ" ಅಂದೆ. ಅವನು ಅದನ್ನು ಗಂಭೀರವಾಗಿ ತಗೊಂಡ. ಕೊನೆಗೆ ನಾವು ಮಾಡಿಕೊಂಡ ಲೆಕ್ಕ ಹೀಗೆ: ಪ್ಯಾಕೇಜ್ ಸಮಸಮ, ಗಾಡಿಯ ಪೆಟ್ರೋಲ್ ಪೂರ್ತಿ ಅವನದು. ನಿಮ್ಮಲ್ಲೂ ಒಬ್ಬರು ಸಸ್ಯಾಹಾರಿ ಇದ್ದರೆ ಹೊರಡುವ ಮೊದಲೇ ಇದನ್ನು ಮಾತಾಡಿ ಮುಗಿಸಿ.

ಬುಫೆ ಊಟ ಎಲ್ಲ ಕಡೆ ಒಂದೇ ಥರ ಇರುತ್ತದೆ, ಪನೀರು, ಗೋಬಿ, ಜೀರಾ ರೈಸು. ಅಡುಗೆಯವರು ಮಾತ್ರ ಹೆಚ್ಚಾಗಿ ಅಕ್ಕಪಕ್ಕದ ಊರಿನವರೇ. ನಮ್ಮಲ್ಲಿ ಅಂಕೋಲಾ ಕಡೆಯ ಒಬ್ಬ ಅಕ್ಕ ಇದ್ದರು. ಗೆಳೆಯ ನೇರ ಅಡುಗೆಮನೆ ಬಾಗಿಲಿಗೇ ಹೋಗಿ, "ಅಕ್ಕಾ, ನೀವು ಮನ್ಯಾಗ ಮಾಡೋ ಬಂಗಡೆ ಸಾರು ಒಂದ್ ಸಲ ಮಾಡ್ರಲ್ಲಾ" ಅಂದ. "ಅಷ್ಟು ಖಾರ ಹಾಕಿದರೆ ಬೆಂಗಳೂರಿನವರು ತಿನ್ನೋದಿಲ್ಲ, ಹಾಗಾಗಿ ಇಲ್ಲಿ ಮಾಡೋದಿಲ್ಲ" ಅಂದರು. ಮಾರನೇ ದಿನ ಮಧ್ಯಾಹ್ನ ಬುಫೆಯ ಸಾಲಿನಲ್ಲಿ ಇಡದೆ, ಒಂದು ಸಣ್ಣ ಪಾತ್ರೆ ತಂದು ನಮ್ಮ ಟೇಬಲ್ಲಿಗೇ ಇಟ್ಟರು. ಕೆಂಪಗಿನ ಗಟ್ಟಿ ತೆಂಗಿನಕಾಯಿ ಸಾರು, ಮೇಲೆ ಜಜ್ಜಿ ಹಾಕಿದ ತೆಫಳ (ಮೀನು ಸಾರಿಗೆ ಹಾಕುವ ಘಾಟಿನ ಮಸಾಲೆ ಕಾಯಿ) ತೇಲುತ್ತಿತ್ತು, ಅದರ ವಾಸನೆ ನನಗೂ ಬಂತು. ನನಗೆ ಅಂತ ಬೇರೆಯಾಗಿ ಒಂದು ಲೋಟ ಕೋಕಂ ಕಡಿ, ಬೆಳ್ಳುಳ್ಳಿ ಹಾಕದೆ ಮಾಡಿದ್ದು. ಗೆಳೆಯ ಅನ್ನ ಎಷ್ಟು ಸಲ ಹಾಕಿಸಿಕೊಂಡ ಅನ್ನುವುದನ್ನು ಬರೆಯುವುದು ಬೇಡ. ಕೇಳಿದರೆ ಸಿಗುತ್ತದೆ ಅಂತ ಹೇಳಲು ಇಷ್ಟು ಬರೆದೆ. ಕೇಳದಿದ್ದರೆ ಗೋಬಿಯೇ ಗತಿ.

ಪ್ಯಾಕೇಜಿನಲ್ಲಿ ಗೆಳೆಯರಿಗೆ ಒಂದು ಲಾಭ ಇದೆ, ಯಾರೂ ಹೇಳುವುದಿಲ್ಲ. ಪ್ರತಿ ಸಲ ಬಿಲ್ ಬಂದಾಗ ನೀ ಕೊಡ್ತೀಯಾ ನಾ ಕೊಡ್ಲಾ ಅನ್ನುವ ಜಗ್ಗಾಟ ಇಲ್ಲ. ಆಮೇಲೆ ಫೋನ್‌ಪೇಯಲ್ಲಿ ಇಷ್ಟು ಕಳಿಸು ಅನ್ನುವ ಮೆಸೇಜೂ ಇಲ್ಲ. ಪರ್ಸ್ ರೂಮಿನಲ್ಲಿ ಬಿಟ್ಟು ಚಡ್ಡಿಯಲ್ಲಿ ತಿರುಗಬಹುದು. ವರ್ಷಗಟ್ಟಲೆ ಬರೀ ಮದುವೆಮನೆಯಲ್ಲಿ ಸಿಕ್ಕು ಮಾತಾಡಿದ ಗೆಳೆಯರಾದರೆ ಇದು ದೊಡ್ಡದು.

ಬೋರ್ ಆಗುತ್ತದಾ? ಆಗುತ್ತದೆ, ಎರಡನೇ ದಿನ ಮಧ್ಯಾಹ್ನ ಊಟ ಆದ ಮೇಲೆ. ಮೊದಲ ದಿನ ಹೊಸ ಜಾಗ, ಹಳೇ ಸುದ್ದಿ, ಸಂಜೆ ಸಮುದ್ರ. ಎರಡನೇ ದಿನ ಮೂರು ಗಂಟೆಗೆ ಒಬ್ಬ ಗಾಳಿಮರಕ್ಕೆ ಕಟ್ಟಿದ ಜೋಲಿಯಲ್ಲಿ ಬಿದ್ದುಕೊಂಡಿರುತ್ತಾನೆ, ಇನ್ನೊಬ್ಬ ಮರಳಿನ ಮೇಲೆ ಅತ್ತ ಇತ್ತ ನಡೆಯುತ್ತಾ "ಎಲ್ಲಾದ್ರೂ ಹೋಗೋಣ್ವಾ" ಅಂತಿರುತ್ತಾನೆ. ನಮ್ಮಲ್ಲಿ ಜೋಲಿ ನನ್ನದು, ನಡಿಗೆ ಅವನದು. ಆದ್ದರಿಂದ ನಿಮಗೆ ನನ್ನ ಸಲಹೆ: ಎರಡು ರಾತ್ರಿಯನ್ನೂ ಅಲ್ಲೇ ಕಳೆಯಬೇಡಿ. ಒಂದು ರಾತ್ರಿ ಹೊಳೆ ಆಚೆ ಪ್ಯಾಕೇಜು, ಇನ್ನೊಂದು ರಾತ್ರಿ ಗೋಕರ್ಣದಲ್ಲಿ ಬರೀ ರೂಮು. ಕಾರವಾರದಿಂದ ಗೋಕರ್ಣ ಸುಮಾರು 60 ಕಿಲೋಮೀಟರ್, ಹೆದ್ದಾರಿ 66ರಲ್ಲಿ ಅಂಕೋಲಾ ದಾಟಿ ಹೋದರೆ ಆಯ್ತು. ಅಲ್ಲಿ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡ ಹತ್ತಿ ಇಳಿಯಿರಿ, ದೇವಸ್ಥಾನದ ಬೀದಿಯಲ್ಲಿ ಊಟ ಮಾಡಿ. ಓಡಾಡುವ ಗೆಳೆಯನಿಗೂ ಸಮಾಧಾನ, ಮಲಗುವ ಗೆಳೆಯನಿಗೂ ಸಮಾಧಾನ.

ಬೋಟಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಡಾಲ್ಫಿನ್ ತೋರಿಸುತ್ತೇವೆ ಅಂತ ಬೆಳಿಗ್ಗೆ ಕರೆದುಕೊಂಡು ಹೋಗುತ್ತಾರೆ, ಕೂರ್ಮಗಡ ದ್ವೀಪದ ಕಡೆಗೆ. ಕಾಣುತ್ತವೆ, ಆದರೆ ಪೋಸ್ಟರಿನಲ್ಲಿ ಇರುವ ಹಾಗೆ ನೀರಿನಿಂದ ಮೇಲೆ ಹಾರುತ್ತವೆ ಅಂದುಕೊಳ್ಳಬೇಡಿ. ನಮ್ಮ ಕರಾವಳಿಯದ್ದು ಹೆಚ್ಚಾಗಿ ಡುಬ್ಬದ ಡಾಲ್ಫಿನ್. ಬೋಟಿನವರು ಇಂಜಿನ್ ಆಫ್ ಮಾಡಿದರು, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಪುಸ್ ಅಂತ ಉಸಿರು ಬಿಟ್ಟ ಸದ್ದು. ತಿರುಗಿ ನೋಡಿದರೆ ಒಂದು ಬೂದು ಬೆನ್ನು, ಸಣ್ಣ ರೆಕ್ಕೆ, ಮತ್ತೆ ನೀರು. ಮೊಬೈಲ್ ತೆಗೆಯುವಷ್ಟರಲ್ಲಿ ಮುಗಿದಿರುತ್ತದೆ. ಬರೀ ಕಣ್ಣಲ್ಲಿ ನೋಡಿ.

ಲೈಫ್ ಜಾಕೆಟ್ ಬಕಲ್ ಹಾಕಿಯೇ ಕೂರಿ, ಫೋಟೋ ಚೆನ್ನಾಗಿ ಬರುವುದಿಲ್ಲ ಅಂತ ಬಿಚ್ಚಬೇಡಿ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ದೇವರ ಜಾತ್ರೆಯ ದಿನ ಇದೇ ನೀರಿನಲ್ಲಿ ದೋಣಿ ಮಗುಚಿ 16 ಜನ ತೀರಿಹೋದರು. ಜನ ತುಂಬಿಕೊಂಡ ದೋಣಿ ಕಂಡರೆ ಹತ್ತಬೇಡಿ, ಪ್ಯಾಕೇಜಿನಲ್ಲಿ ಸೇರಿದೆ ಅಂತ ಹತ್ತಲೇಬೇಕು ಅಂತಿಲ್ಲ. ಹಾಗೆಯೇ ಅಳಿವೆ ಹತ್ತಿರ ಈಜಬೇಡಿ. ಹೊಳೆ ಸಮುದ್ರ ಸೇರುವ ಕಡೆ ಮೇಲೆ ಶಾಂತವಾಗಿ ಕಾಣುತ್ತದೆ, ಆದರೆ ಇಳಿತದ ಹೊತ್ತಿಗೆ ನೀರು ಹೊರಗೆ ಎಳೆಯುತ್ತದೆ. ಎಲ್ಲಿ ಇಳಿಯಬಹುದು ಅಂತ ಅಲ್ಲಿನ ಹುಡುಗರನ್ನು ಕೇಳಿ, ಗೆಳೆಯನನ್ನಲ್ಲ. ರಾತ್ರಿ ಕುಡಿದ ಮೇಲೆ ನೀರಿಗೆ ಇಳಿಯುವ ಮಾತೇ ಬೇಡ. ಸ್ಕೂಬಾ ಆಸೆ ಇದ್ದರೆ ಅದು ನೇತ್ರಾಣಿ ದ್ವೀಪದಲ್ಲಿ, ಮುರ್ಡೇಶ್ವರದಿಂದ ಬೋಟು, ಬೇರೆ ದುಡ್ಡು, ಅದಕ್ಕೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ಡಿಸೆಂಬರ್ ಆರಿಸಿದ್ದು ಒಳ್ಳೇದಾಯ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೇಟ್ ಇಳಿಯುತ್ತದೆ, ಆದರೆ ಬೋಟಿಂಗ್ ಬಂದ್. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವುದರಿಂದ ತಟ್ಟೆಗೆ ಬರುವುದು ಹೆಚ್ಚಾಗಿ ಐಸ್ ಮೀನು. ಮಳೆಗಾಲದಲ್ಲಿ ರಜೆ ಸಿಕ್ಕರೆ ನಮ್ಮ ಕಡೆ ಘಟ್ಟ ಹತ್ತಿ ಬನ್ನಿ, ಉಂಚಳ್ಳಿ ಜಲಪಾತ ಆಗ ನೋಡಬೇಕು.

ಗಾಡಿಯಲ್ಲಿ ಬರುವುದಾದರೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ ದಾರಿ. ಲಾರಿ ಜಾಸ್ತಿ, ಕತ್ತಲಾಗುವ ಮೊದಲು ಘಟ್ಟ ಇಳಿದುಬಿಡಿ. ಶಿರಸಿ ಮೇಲೆ ಬರುವುದಾದರೆ ದೇವಿಮನೆ ಘಟ್ಟದ ರಸ್ತೆ ಹೇಗಿದೆ ಅಂತ ಹೊರಡುವ ಮೊದಲು ವಿಚಾರಿಸಿ. ಕಾರವಾರ ಮುಟ್ಟಿ ಕಾಳಿ ನದಿಯ ಆಚೆ ಸದಾಶಿವಗಡ ಕಡೆ ದಾಟುವಾಗ ಕುಸಿದ ಹಳೇ ಸೇತುವೆಯ ಸುದ್ದಿ ಬರುತ್ತದೆ, ಅದು 2024ರ ಆಗಸ್ಟಿನ ಕಥೆ. ಪಕ್ಕದ ಹೊಸ ಸೇತುವೆ ಮೇಲೆ ಗಾಡಿ ಓಡಾಡುತ್ತಿದೆ.

ಇನ್ನು ತಾರೀಕು. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರ ಬಿಟ್ಟುಬಿಡಿ. ಆಗ ರೇಟ್ ಏರುತ್ತದೆ, ಕೆಲವು ಕಡೆ 31ರ ರಾತ್ರಿಯ ಪಾರ್ಟಿ ಊಟಕ್ಕೆ ಕಡ್ಡಾಯವಾಗಿ ಬೇರೆ ದುಡ್ಡು ಕೇಳುತ್ತಾರೆ, ಡಿಜೆ ಸದ್ದಿನಲ್ಲಿ ನಿಮ್ಮ ಗೆಳೆಯ ಹೇಳಿದ್ದು ನಿಮಗೆ ಕೇಳುವುದಿಲ್ಲ. ಡಿಸೆಂಬರಿನ ಮೊದಲ ಎರಡು ವಾರದಲ್ಲಿ ಸೋಮವಾರದಿಂದ ಗುರುವಾರದೊಳಗೆ ಯಾವುದಾದರೂ ದಿನ ನೋಡಿ. ರಜೆ ಹಾಕಲು ಆಗದಿದ್ದರೆ ಭಾನುವಾರ ಮಧ್ಯಾಹ್ನ ಚೆಕ್‌ಇನ್ ಆಗಿ, ವಾರಾಂತ್ಯಕ್ಕೆ ಬಂದವರೆಲ್ಲ ಅಷ್ಟೊತ್ತಿಗೆ ಖಾಲಿ ಆಗಿರುತ್ತಾರೆ, ರೇಟೂ ಸ್ವಲ್ಪ ಇಳಿದಿರುತ್ತದೆ.